ಮೋಟಾರ್ ಬದಲಿಸದೆ ಇಂಪ್ಯೂರಿಟಿ ಇಳಿಸಿದ್ದು: ನನ್ನ ಅನುಭವ

ಲ್ಯಾಬಿನ 1 ಲೀಟರ್ ರಿಯಾಕ್ಟರಿನಲ್ಲಿ 2% ಆಸುಪಾಸಿನಲ್ಲಿದ್ದ ಇಂಪ್ಯೂರಿಟಿ (ಮಾಲಿನ ಜೊತೆ ಹುಟ್ಟುವ ಬೇಡದ ಪದಾರ್ಥ), ಪ್ಲಾಂಟಿನ 5,000 ಲೀಟರಿಗೆ ಹೋದ ಕೂಡಲೇ 8-9%ಗೆ ಏರಿತ್ತು. ಮಿಕ್ಸಿಂಗ್ ಸಾಲದು, ದೊಡ್ಡ ಮೋಟಾರ್ ಹಾಕಿಸಿ ಅಂತ ಎಲ್ಲರೂ ಹೇಳಿದರು. ಮಿಕ್ಸಿಂಗ್ ಸಾಲದು ಅನ್ನೋದು ಸರಿ. ಅದಕ್ಕೆ ಮೋಟಾರೇ ಯಾಕೆ ಬೇಕು ಅನ್ನೋದು ನನ್ನ ತಕರಾರು.

ರಿಯಾಕ್ಷನ್ ನಿಮಗೆಲ್ಲ ಗೊತ್ತಿರುವ ಜಾತಿಯದೇ. ಟ್ಯಾಂಕಿನಲ್ಲಿರುವ ಎ ಅನ್ನೋ ಪದಾರ್ಥದ ಮೇಲೆ ಬಿ ಅನ್ನೋದನ್ನು ಡೋಸ್ ಮಾಡುತ್ತೇವೆ, ಅಂದರೆ ಸ್ವಲ್ಪಸ್ವಲ್ಪವಾಗಿ ಬಿಡುತ್ತೇವೆ, ಮಾಲು ಬರುತ್ತೆ. ಆ ಮಾಲಿಗೇ ಇನ್ನೊಂದು ಬಿ ಅಂಟಿಕೊಂಡರೆ ಕಸ, ಅದೇ ಈ ಇಂಪ್ಯೂರಿಟಿ. ಬಿದ್ದ ಬಿ ಬೇಗ ಹರಡದೆ ಒಂದೇ ಕಡೆ ನಿಂತರೆ ಕಸ ಜಾಸ್ತಿ.

ಮೊದಲು ವಿಎಫ್‌ಡಿಯಲ್ಲಿ (ಮೋಟಾರ್ ವೇಗ ಬದಲಿಸುವ ಡ್ರೈವ್) ಆರ್‌ಪಿಎಂ 20% ಏರಿಸಿ ನೋಡಿದ್ದಾಯ್ತು. ಪವರ್ ವೇಗದ ಘನಕ್ಕೆ ತಕ್ಕಂತೆ ಏರುತ್ತಲ್ವಾ, ಹೆಚ್ಚುಕಡಿಮೆ 1.7 ಪಟ್ಟಾಯ್ತು. ಮೋಟಾರ್ ಟ್ರಿಪ್ ಆಗೋಕೆ ಶುರು, ಶಾಫ್ಟ್ ಅದುರಿ, ಅದು ಟ್ಯಾಂಕಿನೊಳಗೆ ಹೋಗುವ ಕಡೆ ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲೇ ಸೋರಿತು, ಇಂಪ್ಯೂರಿಟಿ ಇಳಿದದ್ದು ಮಾತ್ರ ಒಂದು ಪರ್ಸೆಂಟೂ ಇಲ್ಲ. ಸೀಲಿನ ಖರ್ಚು ಒಂದು ಕಡೆ, ಕೆಟ್ಟ ಬ್ಯಾಚನ್ನು ಮತ್ತೆ ಕ್ರಿಸ್ಟಲೈಸ್ ಮಾಡಿ (ಹರಳು ಕಟ್ಟಿಸಿ) ಶುದ್ಧ ಮಾಡೋಕೆ ಸುರಿದ ಸಾಲ್ವೆಂಟ್ ಇನ್ನೊಂದು ಕಡೆ. ಎರಡನೆಯದೇ ಜಾಸ್ತಿ ಹೊಡೆತ.

ಲ್ಯಾಬಿಗೆ ವಾಪಸ್ ಹೋದೆ. ಅದೇ ಆರ್‌ಪಿಎಂ, ಅದೇ ಡೋಸಿಂಗ್ ಸಮಯ, ಬಿ ಬೀಳುವ ಜಾಗ ಮಾತ್ರ ಬೇರೆ. ಗೋಡೆಯ ಪಕ್ಕ ಮೇಲಿಂದ ಹನಿ ಹಾಕಿದರೆ ಆ ಪುಟ್ಟ ಪಾತ್ರೆಯಲ್ಲೂ 5-6%. ಇಂಪೆಲರ್ (ಕಲಕುವ ಫ್ಯಾನಿನಂಥ ಚಕ್ರ) ದ್ರವ ಎಳೆದುಕೊಳ್ಳುವ ಜಾಗದಲ್ಲಿ ಬಿಟ್ಟರೆ 2% ಒಳಗೆ. ಬೀಕರಿನ ಆಟ ಪ್ಲಾಂಟಿನಲ್ಲಿ ನಡೆಯಲ್ಲ ಅಂತ ಮೋಟಾರ್ ಹಾಕಿಸಿ ಅಂದವರು ನಕ್ಕರು. ಪ್ಲಾಂಟಿನಲ್ಲಿ ಬಿ ಬೀಳುತ್ತಿದ್ದದ್ದೂ ಗೋಡೆ ಪಕ್ಕದ ನಾಜಲ್‌ನಿಂದಲೇ, ಅದನ್ನು ಯಾರೂ ಹೋಗಿ ನೋಡಿರಲಿಲ್ಲ.

ಆಮೇಲೆ ಡಿಪ್ ಪೈಪ್ ಹಾಕಿಸಿದೆ, ಅಂದರೆ ಬಿಯನ್ನು ದ್ರವದೊಳಗೆ ಇಂಪೆಲರ್ ಹತ್ತಿರಕ್ಕೇ ಇಳಿಸುವ ಪೈಪ್. ಮೊದಲನೆಯದು ಕೆಲವು ಬ್ಯಾಚಿಗೇ ಫ್ಲ್ಯಾಂಜ್ (ಪೈಪ್ ಬೋಲ್ಟ್ ಮಾಡುವ ಬಿಲ್ಲೆ) ಹತ್ತಿರ ವೆಲ್ಡ್ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಬ್ಯಾಫಲ್‌ಗೆ (ದ್ರವ ಸುಮ್ನೆ ಸುತ್ತದಂತೆ ತಡೆಯುವ ಗೋಡೆ ಪಕ್ಕದ ಪಟ್ಟಿ) ಕ್ಲ್ಯಾಂಪ್ ಮಾಡಿದ ಮೇಲೆ ಅದುರುವುದು ನಿಂತಿತು, ಆದರೆ ಪೈಪ್ ಕಟ್ಟಿಕೊಳ್ಳತೊಡಗಿತು. ಬಿಚ್ಚಿದರೆ ತುದಿಯಿಂದ ಒಂದು ಗೇಣು ಮೇಲಿನವರೆಗೆ ಕಂದು ಬಣ್ಣದ ಗಟ್ಟಿ ಕಸ, ಕಂಬಿ ಹಾಕಿ ಕುಟ್ಟಿ ತೆಗೆಯಬೇಕು. ಡೋಸಿಂಗ್ ನಿಧಾನವಿದ್ದಾಗ ಟ್ಯಾಂಕಿನ ದ್ರವ ಪೈಪಿನೊಳಗೆ ನುಗ್ಗಿ ಅಲ್ಲೇ ರಿಯಾಕ್ಟ್ ಆಗುತ್ತಿತ್ತು. ತುದಿ ಸಣ್ಣ ಮಾಡಿ ವೇಗ ಏರಿಸಿದೆ, ಟ್ಯಾಂಕಿನ ದ್ರವ ಪೈಪಿನಲ್ಲಿ ಹಿಂದಕ್ಕೆ ಎಳೆದುಕೊಂಡು ಹೋಗದ ಹಾಗೆ ದ್ರವದ ಮಟ್ಟಕ್ಕಿಂತ ಮೇಲೆ ಸೈಫನ್ ಮುರಿಯುವ ತೂತು ಕೊರೆಸಿದೆ. ನಿಮ್ಮ ಇಂಪೆಲರ್ ದ್ರವವನ್ನು ಕೆಳಕ್ಕೆ ತಳ್ಳುವ ಪಿಚ್ಡ್ ಬ್ಲೇಡ್ (ಓರೆ ಅಲಗಿನದು) ಆಗಿದ್ದರೆ ತುದಿ ಅದರ ಮೇಲ್ಗಡೆ ಇರಲಿ. ಎಷ್ಟು ಮೇಲೆ, ತುದಿಯನ್ನು ಹೇಗೆ ಕತ್ತರಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ ಬಿಡಿ.

ಈಗ ಇಂಪ್ಯೂರಿಟಿ 2.5% ಸುತ್ತಮುತ್ತ. ಆರ್‌ಪಿಎಂ ಹಳೆಯದೇ. ಒಡೆದ ಪೈಪೂ ಸೇರಿ ಆದ ಖರ್ಚು, ಮೋಟಾರ್-ಗೇರ್‌ಬಾಕ್ಸ್ ಕೊಟೇಶನ್ನಿನ ಇಪ್ಪತ್ತರಲ್ಲಿ ಒಂದು ಭಾಗವೂ ಇಲ್ಲ. ನಕ್ಕವರೇ ಈಗ ಡ್ರಾಯಿಂಗ್ ಕೇಳುತ್ತಿದ್ದಾರೆ.

ನಡುವೆ ಸುಮ್ನೆ ಇನ್ನೊಂದು ರಿಯಾಕ್ಷನ್ನನ್ನು ಬ್ಯಾಚಿನ ಬದಲು ಕಂಟಿನ್ಯುಯಸ್ (ಒಂದು ಕಡೆ ಹಾಕುತ್ತಾ ಇನ್ನೊಂದು ಕಡೆ ತೆಗೆಯುತ್ತಾ) ಮಾಡಿ ನೋಡಿದೆ. ಫಸ್ಟ್ ಆರ್ಡರ್ (ವೇಗ ಉಳಿದ ಕಚ್ಚಾ ಪದಾರ್ಥದ ಸಾಂದ್ರತೆಗೆ ತಕ್ಕಂತೆ), 90% ಕನ್ವರ್ಷನ್, ಅಂದರೆ ಹಾಕಿದ್ದರಲ್ಲಿ 90% ರಿಯಾಕ್ಟ್ ಆಗಬೇಕು. ಒಂದೇ ಟ್ಯಾಂಕಿನ ಬದಲು ಎರಡು ಸಾಲಾಗಿ ಇಟ್ಟರೆ ಒಟ್ಟು ವಾಲ್ಯೂಮ್ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಸಾಕು. ಮೂರನೆಯದರಿಂದ ಆ ಒಂದೇ ಟ್ಯಾಂಕಿನ ವಾಲ್ಯೂಮಿನ ಇನ್ನು ಹತ್ತು ಪರ್ಸೆಂಟಿನಷ್ಟು ಉಳಿತಾಯ ಆಗುತ್ತೆ, ಆದರೆ ಪಂಪು, ಲೆವೆಲ್ ಕಂಟ್ರೋಲ್ ಅಂತ ಅದನ್ನೆಲ್ಲ ನುಂಗಿಬಿಡುತ್ತೆ. ಎರಡಕ್ಕೇ ನಿಲ್ಲಿಸಿದೆ.

ದೊಡ್ಡ ರಿಯಾಕ್ಟರಿನ ಡೋಸಿಂಗ್ ಇನ್ನೂ 4 ಗಂಟೆಯೇ. ಅದಕ್ಕೆ ಕಾರಣ ಮಿಕ್ಸಿಂಗ್ ಅಲ್ಲ, ಜಾಕೆಟ್, ಅಂದರೆ ರಿಯಾಕ್ಷನ್ ಶಾಖವನ್ನು ಎಳೆದುಕೊಳ್ಳುವ ಟ್ಯಾಂಕಿನ ಹೊರಕವಚ. 1 ಲೀಟರಿಗೆ ಹೋಲಿಸಿದರೆ ಪ್ರತಿ ಲೀಟರಿಗೆ ಸಿಗುವ ಜಾಕೆಟ್ ಜಾಗ ಸುಮಾರು 17ರಲ್ಲಿ ಒಂದು ಪಾಲು. ಹೊರಗೊಂದು ಕೂಲಿಂಗ್ ಲೂಪ್ ಕಟ್ಟುವ ಲೆಕ್ಕ ನಡೆದಿದೆ, ಅದರ ಪಂಪ್ ಯಾವುದು ಅಂತ ಇನ್ನೂ ತೀರ್ಮಾನ ಆಗಿಲ್ಲ.