ಕಾಗೋಡು ಕಾಲದ ನೆನಪನ್ನ ಊರಿನ ಹಿರೀಕರಿಂದ ಕೇಳಿ ದಾಖಲು ಮಾಡೋದು ಹೇಗೆ

ಮೈಸೂರು ಸಂಸ್ಥಾನದಲ್ಲಿದ್ದ ನಮ್ಮ ಕಡೆಯವ್ರಿಗೆ ಜವಾಬ್ದಾರಿ ಸರ್ಕಾರ ಸಿಕ್ಕಿದ್ದು 1947ರ ಅಕ್ಟೋಬರಲ್ಲಿ, 'ಮೈಸೂರು ಚಲೋ' ಚಳವಳಿ ನಡೆದ್ಮೇಲೆ. ಆದ್ರೆ ಧಣಿಗಳ ಜಮೀನು ಮಾಡಿ ಅವ್ರಿಗೆ ಗೇಣಿ ಭತ್ತ ಅಳೀತಿದ್ದ ಗೇಣಿದಾರರ ಅಂಗಳದವರೆಗೆ ಪ್ರಜಾಪ್ರಭುತ್ವ ಬರೋಕೆ ಇನ್ನೊಂದು ಹೋರಾಟವೇ ಬೇಕಾಯ್ತು, ಅದೇ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡಲ್ಲಿ ನಡೆದ ರೈತ ಸತ್ಯಾಗ್ರಹ. ಆಗ ಹುಡುಗರಾಗಿದ್ದೋರು ಈಗ 80 ದಾಟಿದಾರೆ, ಅಡಿಕೆ ಕೊಯ್ಲು ಶುರುವಾದ್ರೆ ಯಾರ ಮನೇಲೂ ಮಾತಾಡೋಕೆ ಪುರುಸೊತ್ತಿರಲ್ಲ, ಹಂಗಾಗಿ ಮಳೆಗಾಲದಲ್ಲೇ ಹೋಗಿ.

"ಇತಿಹಾಸ ಹೇಳಿ" ಅಂತ ಮಾತ್ರ ಕೇಳ್ಬೇಡಿ, ಹಂಗೆ ಕೇಳಿದ್ರೆ ಗಾಂಧೀಜಿ, ಈಸೂರು ಅಂತ ಶಾಲೇಲಿ ಓದಿದ್ದೇ ಬರತ್ತೆ. "ಅಜ್ಜ, ಗೇಣಿ ಭತ್ತ ಯಾವ ಕೊಳಗದಲ್ಲಿ ಅಳೀತಿದ್ರು?" ಅಂತ ಕೇಳಿ ಸುಮ್ನೆ ಕೂತ್ಕೊಳ್ಳಿ. ಕೈಯಗಲಿಸಿ ಅಳತೆ ತೋರಿಸ್ತಾರಲ್ಲ, ಮಾತು ಶುರುವಾಗೋದೇ ಅಲ್ಲಿಂದ. 1951ರ ಕಾಗೋಡು ಸತ್ಯಾಗ್ರಹದ ಬೇರು ಇರೋದೂ ಆ ಕೊಳಗದಲ್ಲೇ, ಧಣಿಗಳು ಗೇಣಿ ಅಳೆಸ್ಕೊಳ್ಳೋ ಕೊಳಗ ದೊಡ್ಡದಾಯ್ತು ಅನ್ನೋ ತಕರಾರು ಎಚ್. ಗಣಪತಿಯಪ್ಪನವರ ರೈತ ಸಂಘ, ಸೋಷಲಿಸ್ಟ್ ಪಾರ್ಟಿ ಅಂತ ಬೆಳೆದು ಕಡೆಗೆ ಆ ಪಾರ್ಟಿಯ ರಾಷ್ಟ್ರನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಅರೆಸ್ಟ್ ಆದ್ರು, ಮರುವರ್ಷ ಅದೇ ಪಾರ್ಟಿಯ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದ್ರು.

ಧಣಿಗಳ ಮನೇಲೂ ಕೇಳಿ, ಗೇಣಿ ಮಾಡ್ತಿದ್ದವ್ರ ಮನೇಲೂ ಕೇಳಿ, ಬೇರೆ ಬೇರೆ ದಿನ. ಒಂದೇ ಕಡೆ ಕೇಳಿ ಬರೆದದ್ದು ಊರಿನ ನೆನಪಾಗಲ್ಲ. ಅಜ್ಜಿಯರನ್ನಂತೂ ಬಿಡಲೇಬೇಡಿ, ಗಂಡಸರು ಜೈಲಲ್ಲಿದ್ದಾಗ ಒಲೆ ಹೆಂಗೆ ಉರೀತು ಅಂತ ಭಾಷಣ ಮಾಡಿದೋರಿಗೆ ಗೊತ್ತಿರಲ್ಲ.

ಆಮೇಲೆ ಹಳೇ ಗೇಣಿ ಚೀಟಿ, ಕೈಬರಹದ ಪಹಣಿ, ಗೇಣಿ ಜಮೀನು ನಮ್ಮ ಹೆಸರಿಗೆ ಮಾಡ್ಕೊಡಿ ಅಂತ ಭೂ ನ್ಯಾಯಮಂಡಳಿಗೆ ಹಾಕಿದ ಅರ್ಜಿ ಏನಾದ್ರೂ ಟ್ರಂಕಲ್ಲಿದ್ರೆ ಫೋಟೋ ತಗೊಳ್ಳಿ. ಎಷ್ಟೋ ಜನ "ಕಾಗೋಡು ಗಲಾಟೇಲೇ ಜಮೀನು ನಮ್ದಾಯ್ತು" ಅಂತಾರೆ, ಆದ್ರೆ ಕಾನೂನು ಪ್ರಕಾರ ಗೇಣಿ ಪದ್ಧತಿ ಹೋಗಿದ್ದು 1974ರ ಮಾರ್ಚ್ 1ರಿಂದ, ದೇವರಾಜ ಅರಸು ಕಾಲದಲ್ಲಿ. ಅವ್ರೆದುರಿಗೆ ತಿದ್ದಕ್ಕೆ ಹೋಗ್ಬೇಡಿ! ಹೇಳಿದ್ದನ್ನ ಹೇಳಿದ ಹಾಗೇ ಬರ್ಕೊಂಡು ಪಕ್ಕದಲ್ಲಿ ದಾಖಲೆಯ ತಾರೀಖು ಹಾಕಿ, ಯಾಕಂದ್ರೆ ನಡುವಿನ ಇಪ್ಪತ್ಮೂರು ವರ್ಷ ಅಳಿಸಿಹೋಗಿ "ನಾವೇ ಹೋರಾಡಿ ಪಡ್ಕೊಂಡ್ವಿ" ಅನ್ನೋದು ಉಳ್ದಿದೆಯಲ್ಲ, ಆ ಊರು ತನ್ನನ್ನ ತಾನು ಯಾರು ಅಂದ್ಕೊಂಡಿದೆ ಅನ್ನೋದು ಗೊತ್ತಾಗೋದು ಅಲ್ಲೇ.

ಹಂಚಿನ ಮೇಲೆ ಮಳೆ ಬೀಳೋ ಸದ್ದಿಗೆ ರೆಕಾರ್ಡಿಂಗ್ ಕೇಳ್ಸಲ್ಲ, ಫೋನನ್ನ ಅವ್ರ ಹತ್ರಾನೇ ಇಡಿ. ಹೆಸರು ಹಾಕ್ಬಹುದಾ ಅಂತ ಮೊದ್ಲೇ ಕೇಳಿ, ಎರಡೂ ಮನೆಯವ್ರು ಇವತ್ತು ಒಂದೇ ಊರಲ್ಲಿ ಬಾಳ್ಬೇಕು. ಒಂದು ಕಾಪಿ ಆ ಮನೆಗೇ ಕೊಡಿ, ಮೊಮ್ಮಕ್ಕಳು ಬೆಂಗಳೂರಲ್ಲಿದ್ರೆ ವಾಟ್ಸಾಪಲ್ಲಿ ಕಳಿಸಿ.