‘ಯಾರಿಗೂ ಹಾಕಲ್ಲ ಸಾರ್’ ಅಂದವರ ಲೆಕ್ಕ: ಮತಗಟ್ಟೆಯಲ್ಲಿ ನಾನು ಅನುಸರಿಸುವ ಕ್ರಮ

ಯಾವ ಅಭ್ಯರ್ಥಿಗೂ ಮತ ಕೊಡದವರಲ್ಲಿ ಮೂರು ಬಗೆ. ಮನೆಯಿಂದ ಹೊರಡದವರು, ಬಂದು ನೋಟಾ ಒತ್ತುವವರು, ಬಂದು ಬೆರಳಿಗೆ ಶಾಯಿ ಹಾಕಿಸಿಕೊಂಡು ಸಹಿಯನ್ನೂ ಮಾಡಿ ‘ಬೇಡ’ ಅಂತ ವಾಪಸ್ ಹೊರಡುವವರು. ಮೊದಲನೆಯವರು ನಮ್ಮ ಕಾಗದಕ್ಕೆ ಬರುವುದೇ ಇಲ್ಲ. ಎರಡನೆಯವರನ್ನು ಮಷಿನ್ನೇ ಎಣಿಸಿಕೊಳ್ಳುತ್ತದೆ. ಮೂರನೆಯವರನ್ನು ಮಾತ್ರ ಮತಗಟ್ಟೆಯ ಅಧ್ಯಕ್ಷಾಧಿಕಾರಿ, ಅಂದರೆ ಪಿಆರ್‌ಓ ಕೈಯಾರೆ ಬರೆದಿಡಬೇಕು. ಬರೆಯದಿದ್ದರೆ ಒಂದೇ ಒಂದು ಮತದ ವ್ಯತ್ಯಾಸಕ್ಕೆ ಮತದಾನ ಮುಗಿದ ಮೇಲೆ ಮಷಿನ್, ಕಾಗದ ಒಪ್ಪಿಸುವ ಡಿಮಸ್ಟರಿಂಗ್ ಕೌಂಟರ್ ಮುಂದೆ ರಾತ್ರಿ ಕಳೆಯಬೇಕಾಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಮತಗಟ್ಟೆಗಳಲ್ಲಿ ಅಧ್ಯಕ್ಷಾಧಿಕಾರಿಯಾಗಿ ನಾನು ಇಟ್ಟುಕೊಂಡಿರುವ ಕ್ರಮ ಇದು. ಮೊದಲ ಸಲ ಎಲೆಕ್ಷನ್ ಡ್ಯೂಟಿ ಬೀಳುವ ಮೇಷ್ಟ್ರು, ಮೇಡಂಗಳಿಗೆ ಬರೆದದ್ದು.

ಮೊದಲು ಒಂದು ತಪ್ಪು ತಿಳಿವಳಿಕೆ. ‘49-ಓ ಫಾರ್ಮ್ ಕೊಡಿ’ ಅಂತ ಕೇಳಿಕೊಂಡು ಬರುವ ಹುಡುಗರು ಪ್ರತಿ ಚುನಾವಣೆಯಲ್ಲೂ ಇರುತ್ತಾರೆ. ಅಂಥ ಫಾರ್ಮೇ ಇಲ್ಲ. 49-ಓ ಅನ್ನುವುದು 1961ರ ಚುನಾವಣೆ ನಡೆಸುವ ನಿಯಮಗಳಲ್ಲಿ ಒಂದು ನಿಯಮ. ಮತದಾರರ ರಿಜಿಸ್ಟರ್, ಅಂದರೆ ನಮೂನೆ 17ಎಯಲ್ಲಿ ಕ್ರಮಸಂಖ್ಯೆ ದಾಖಲಾಗಿ ಸಹಿ ಅಥವಾ ಹೆಬ್ಬೆಟ್ಟು ಬಿದ್ದ ಮೇಲೆ ಮತದಾರ ಮತ ಹಾಕದಿರಲು ನಿರ್ಧರಿಸಿದರೆ, ಆ ಸಾಲಿನ ಎದುರು ಅಧ್ಯಕ್ಷಾಧಿಕಾರಿ ಷರಾ ಬರೆದು, ಷರಾದ ಎದುರು ಮತದಾರನ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಅಷ್ಟೇ. ‘49-ಓ ಹೆಚ್ಚಾದರೆ ಮರುಚುನಾವಣೆ’ ಅನ್ನುವುದು ವಾಟ್ಸ್ಆ್ಯಪ್ ಮಾತು. ‘ಮತ ಹಾಕದಿದ್ದರೆ ಬ್ಯಾಂಕಿನಿಂದ 350 ರೂಪಾಯಿ ಕಟ್’ ಅನ್ನುವುದೂ ಅದೇ ಜಾತಿಯದು. ನಮ್ಮಲ್ಲಿ ಮತ ಹಾಕದಿರುವುದಕ್ಕೆ ದಂಡವಿಲ್ಲ.

49-ಓ ಒಂದೇ ಇದ್ದಾಗಿನ ತೊಡಕು ಗುಟ್ಟಿನದು. ಷರಾ ಬರೆಯುವುದನ್ನು ಅಲ್ಲಿ ಕೂತ ಅಭ್ಯರ್ಥಿಗಳ ಏಜೆಂಟರೆಲ್ಲ ನೋಡುತ್ತಾರೆ. ಊರಿನಲ್ಲಿ ಯಾರು ಯಾರಿಗೂ ಹಾಕಲಿಲ್ಲ ಅನ್ನುವುದು ಮಧ್ಯಾಹ್ನದೊಳಗೆ ಅರಳಿಕಟ್ಟೆಗೆ ತಲುಪಿರುತ್ತದೆ. ಈ ಕಾರಣಕ್ಕೇ ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 27ರಂದು ಮಷಿನ್‌ನಲ್ಲೇ ನೋಟಾ ಬಟನ್ ಇಡಲು ಹೇಳಿತು. ನಮ್ಮ ಕಡೆ ಅದು 2014ರ ಲೋಕಸಭೆ ಚುನಾವಣೆಯಿಂದ ಇದೆ. ಅಡ್ಡಗೆರೆಗಳ ಚಿಹ್ನೆ ಬಂದದ್ದು 2015ರಲ್ಲಿ. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ನೋಟಾ ಎಷ್ಟೇ ಬಂದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆದ್ದಂತೆ. ಠೇವಣಿ ಉಳಿಸಿಕೊಳ್ಳಲು ಬೇಕಾದ ಆರನೇ ಒಂದು ಭಾಗದ ಲೆಕ್ಕಕ್ಕೂ ನೋಟಾ ಸೇರುವುದಿಲ್ಲ. ಆದರೆ ನಮ್ಮ ಮಟ್ಟಿಗೆ ನೋಟಾ ಒತ್ತಿದವರೂ ಮತ ಹಾಕಿದವರೇ: ವಿವಿಪ್ಯಾಟ್ (ಒತ್ತಿದ್ದನ್ನು ಮುದ್ರಿಸಿ ತೋರಿಸುವ ಪೆಟ್ಟಿಗೆ) ಚೀಟಿ ಬೀಳುತ್ತದೆ, ಬೀಪ್ ಬರುತ್ತದೆ, ಟೋಟಲ್ ಒಂದು ಏರುತ್ತದೆ.

ನಿರಾಕರಣೆ ಯಾವ ಮೇಜಿನ ಮುಂದೆ ಬಂತು ಅನ್ನುವುದನ್ನು ನೋಡಿಕೊಂಡು ಕೆಲಸ ಮಾಡಬೇಕು. ಮೊದಲ ಮತಗಟ್ಟೆ ಅಧಿಕಾರಿ ಹೆಸರು ಕೂಗಿ ಮತದಾರರ ಪಟ್ಟಿಯ ಗುರುತು ಪ್ರತಿಯಲ್ಲಿ ಕೆಂಪು ಗೆರೆ ಎಳೆದಾಗಲೇ ‘ಬೇಡ’ ಅಂದರೆ 49-ಓ ಆಗುವುದಿಲ್ಲ, ಏಕೆಂದರೆ 17ಎಯಲ್ಲಿ ಅವರ ಸಾಲೇ ಇಲ್ಲ. ಮತದಾರರ ಪಟ್ಟಿಯಲ್ಲಿನ ಅವರ ಕ್ರಮಸಂಖ್ಯೆಯನ್ನು ನಾನು ಡೈರಿಯಲ್ಲಿ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಗಂಡು–ಹೆಣ್ಣು ಲೆಕ್ಕ ಹಾಕುವಾಗ ಗೆರೆ ಒಂದು ಹೆಚ್ಚಾಗಿ ತಲೆಕೆಡುತ್ತದೆ.

ಎರಡನೇ ಅಧಿಕಾರಿಯ ಹತ್ತಿರ ಶಾಯಿ ಬಿದ್ದು ಸಹಿಯಾಗಿ, 17ಎ ಕ್ರಮಸಂಖ್ಯೆ ಇರುವ ಚೀಟಿ ಕೈಗೆ ಬಂದ ಮೇಲೆ ನಿರಾಕರಿಸಿದರೆ, ಅದು ಸರಿಯಾದ 49-ಓ. ಚೀಟಿ ವಾಪಸ್ ಪಡೆಯಬೇಕು. ಷರಾ ಕಾಲಂನಲ್ಲಿ ‘ಮತ ಚಲಾಯಿಸಲು ನಿರಾಕರಿಸಿದ್ದಾರೆ’ ಅಂತ ಬರೆದು ಅದರ ಎದುರಿಗೇ ಅವರ ಇನ್ನೊಂದು ಸಹಿ ಪಡೆಯಬೇಕು. 17ಎಯ ಕ್ರಮಸಂಖ್ಯೆ ಹೊಡೆದುಹಾಕಬಾರದು, ಮುಂದಿನವರಿಗೆ ಅದೇ ಸಂಖ್ಯೆ ಕೊಡಬಾರದು. ಹೊಸಬರು ಎಡವುವುದೇ ಇಲ್ಲಿ. 312ನೆಯವರು ಬೇಡ ಅಂದರು ಅಂತ ಆ ಸಾಲಿಗೆ ಅಡ್ಡ ಗೀಚಿ, ಮುಂದಿನವರನ್ನೂ 312 ಮಾಡಿದರೆ ಅಲ್ಲಿಂದಾಚೆಯ ಚೀಟಿಗಳೆಲ್ಲ ಒಂದೊಂದು ಜಾರುತ್ತವೆ. ವಾಪಸ್ ಬಂದ ಚೀಟಿಯನ್ನು ನಾನು ಕಟ್ಟಿಗೆ ಸೇರಿಸದೆ ಬೇರೆ ಪಿನ್ ಮಾಡಿಡುತ್ತೇನೆ. ಹಾಕಿದ ಶಾಯಿ ಹಾಕಿದ್ದೇ. ಅದನ್ನು ಒರೆಸಿ ಅಂತ ಕೇಳುವವರೂ ಉಂಟು.

ಇಲ್ಲಿ ಬಾಯಿ ಬಿಗಿ ಹಿಡಿಯಬೇಕು. ‘ಬಂದಿದ್ದೀರಲ್ಲ, ಹಾಕಿಬಿಡಿ’ ಅನ್ನುವುದೂ ಒತ್ತಾಯವೇ. ಬಾಗೇಪಲ್ಲಿ ಕಡೆ ತೆಲುಗಿನಲ್ಲಿ ‘ನೇನು ಎವರಿಕೀ ವೇಯನು ಸಾರ್’ (ನಾನು ಯಾರಿಗೂ ಹಾಕಲ್ಲ) ಅನ್ನುವ ಅಜ್ಜಿಗೆ ಏಜೆಂಟರು ಕೂತಲ್ಲಿಂದಲೇ ‘ವೇಯಮ್ಮಾ’ (ಹಾಕಮ್ಮಾ) ಅಂತಾರೆ. ಮೊದಲು ಸುಮ್ಮನಾಗಿಸಬೇಕಾದ್ದು ಅವರನ್ನು. ಹೇಳಬಹುದಾದದ್ದು ಒಂದೇ: ಯಾರೂ ಬೇಡ ಅನ್ನುವುದಕ್ಕೂ ಮಷಿನ್‌ನಲ್ಲಿ ಬಟನ್ ಇದೆ, ಅದು ಪಟ್ಟಿಯ ಕೊನೆಯದು. ಅದನ್ನೂ ರಟ್ಟಿನ ಮಾದರಿ ಬ್ಯಾಲೆಟ್ ಯುನಿಟ್ (ಮತದಾರರು ಬಟನ್ ಒತ್ತುವ ಪೆಟ್ಟಿಗೆ) ಮೇಲೆ, ಕಂಪಾರ್ಟ್‌ಮೆಂಟ್‌ನ ಹೊರಗೆ ತೋರಿಸಬೇಕು. ಆಮೇಲೂ ಬೇಡ ಅಂದರೆ ಷರಾ, ಸಹಿ, ನಮಸ್ಕಾರ.

ಕಷ್ಟ ಇರುವುದು ಮೂರನೇ ಮೇಜಿನಲ್ಲಿ. ಮೂರನೇ ಅಧಿಕಾರಿ ತನ್ನ ಮೇಜಿನ ಮೇಲಿರುವ, ಮತಕ್ಕೆ ಅನುಮತಿ ಕೊಡುವ ಕಂಟ್ರೋಲ್ ಯುನಿಟ್‌ನ ಬ್ಯಾಲೆಟ್ ಬಟನ್ ಒತ್ತಿ ಆಗಿದೆ, ಕೆಂಪು ಬಿಜಿ (Busy) ದೀಪ, ಅಂದರೆ ಮಷಿನ್ ಮತಕ್ಕೆ ಕಾಯುತ್ತಿದೆ ಅನ್ನುವ ದೀಪ, ಹತ್ತಿದೆ, ಮತದಾರ ಒಳಗೆ ಹೋಗಿ ಏನೂ ಒತ್ತದೆ ಹೊರಬಂದು ‘ಬೇಡ’ ಅನ್ನುತ್ತಾರೆ. ಷರಾ, ಸಹಿ ಮೊದಲಿನಂತೆಯೇ. ಮಷಿನ್‌ಗೆ ಏನೂ ಮಾಡಬೇಕಿಲ್ಲ; ಬಿಜಿ ದೀಪ ಹತ್ತಿರುವಾಗಲೇ ಮುಂದಿನ ಮತದಾರರನ್ನು ನೇರ ಒಳಗೆ ಕಳುಹಿಸಬೇಕು. ಗಾಬರಿಯಿಂದ ಸ್ವಿಚ್ ಆಫ್ ಮಾಡಿ ಆನ್ ಮಾಡುವ ಕೆಲಸ ಬೇಡ.

ಅದು ಬೇಕಾಗುವುದು ಒಂದೇ ಸಂದರ್ಭದಲ್ಲಿ: ನಿರಾಕರಿಸಿದವರು ದಿನದ ಕೊನೆಯ ಮತದಾರರಾಗಿದ್ದರೆ. ಮುಂದೆ ಯಾರೂ ಇಲ್ಲ, ಬಿಜಿ ದೀಪ ಆರುವುದಿಲ್ಲ, ಅದು ಆರದೆ ಮತದಾನ ಮುಗಿಸುವ ಕ್ಲೋಸ್ ಬಟನ್ ಕೆಲಸ ಮಾಡುವುದಿಲ್ಲ. ಆಗ ಕಂಟ್ರೋಲ್ ಯುನಿಟ್‌ನ ಹಿಂಭಾಗದ ಪವರ್ ಸ್ವಿಚ್ ಆಫ್ ಮಾಡಿ, ವಿವಿಪ್ಯಾಟ್‌ನ ಕೇಬಲ್ ಬಿಡಿಸಿ, ಮತ್ತೆ ಆನ್ ಮಾಡಬೇಕು. ದೀಪ ಆರುತ್ತದೆ, ಕ್ಲೋಸ್ ಒತ್ತಬಹುದು. ಈ ಕ್ರಮವನ್ನು ಕೈಪಿಡಿಯಿಂದ ಒಂದು ಚೀಟಿಯಲ್ಲಿ ಬರೆದು ಮೂರನೇ ಅಧಿಕಾರಿಯ ಜೇಬಿಗೆ ಹಾಕುತ್ತೇನೆ. ಸಂಜೆ ಆರರ ಸುಸ್ತಿನಲ್ಲಿ ಟ್ರೈನಿಂಗ್ ನೆನಪಿರುವುದಿಲ್ಲ.

ಹೇಳದೆ ಕೇಳದೆ ಹೊರಟುಹೋಗುವವರು ಇದಕ್ಕಿಂತ ತಾಪತ್ರಯ. ಒಳಗೆ ಹೋದರು, ಒತ್ತಲಿಲ್ಲ, ನಮ್ಮ ಮುಖ ನೋಡದೆ ಹೊರನಡೆದರು. ಮುಂದಿನವರು ಒತ್ತಿದಾಗ ಒಂದೇ ಬೀಪ್. 17ಎಗಿಂತ ಮಷಿನ್ ಒಂದು ಕಡಿಮೆ. ಬ್ಯಾಲೆಟ್ ಯುನಿಟ್ ಎರಡಿದ್ದರೆ ಇದು ಹೆಚ್ಚು. ಒಂದು ಯುನಿಟ್‌ಗೆ 16 ಬಟನ್. ನೋಟಾಗೂ ಒಂದು ಬೇಕಾದ್ದರಿಂದ 16 ಅಭ್ಯರ್ಥಿಗಳಿದ್ದರೂ ಅದು ಎರಡನೇ ಯುನಿಟ್‌ಗೆ ಹೋಗುತ್ತದೆ. ಅಲ್ಲಿ ನೋಟಾ ಹುಡುಕುವವರು ಮೊದಲ ಯುನಿಟ್ ಪೂರ್ತಿ ನೋಡಿ, ಕಾಣಲಿಲ್ಲ ಅಂತ ಹಾಗೇ ಬಂದುಬಿಡುತ್ತಾರೆ. ಹಾಗಾಗಿ ರಟ್ಟಿನ ಮಾದರಿ ತೋರಿಸುವಾಗ ‘ಎರಡು ಪೆಟ್ಟಿಗೆ, ಪಟ್ಟಿ ಒಂದೇ, ಒತ್ತುವುದು ಒಂದೇ ಸಲ’ ಅಂತ ಹೇಳಿಸುತ್ತೇನೆ.

ಮದ್ದು ಕಿವಿಯದು. ಬೀಪ್ ಕೇಳುವವರೆಗೆ ಮೂರನೇ ಅಧಿಕಾರಿ ಬೇರೆ ಕೆಲಸ ಮುಟ್ಟಬಾರದು. ವಿವಿಪ್ಯಾಟ್ ಕಿಟಕಿಯಲ್ಲಿ ಚೀಟಿ 7 ಸೆಕೆಂಡ್ ಕಾಣುತ್ತದೆ, ಕತ್ತರಿಸಿ ಬಿದ್ದ ಮೇಲೆ ಬೀಪ್. ಅಷ್ಟು ಹೊತ್ತು ಕಾಯಬೇಕು. ಬೀಪ್ ಇಲ್ಲದೆ ಯಾರಾದರೂ ಹೊರಬಂದರೆ ಬಾಗಿಲು ದಾಟುವ ಮೊದಲೇ ‘ಅಮ್ಮಾ, ಒಂದು ನಿಮಿಷ’ ಅಂತ ನಿಲ್ಲಿಸಿ ಕೇಳಬೇಕು. ಕೈತಪ್ಪಿ ಹೋದರೆ ಊಹೆಯ ಮೇಲೆ 49-ಓ ಷರಾ ಬರೆಯಬಾರದು, ಮತದಾರರ ಸಹಿ ಇಲ್ಲದೆ ಅದು ಪೂರ್ತಿಯಾಗುವುದಿಲ್ಲ. ಸಮಯ, 17ಎ ಸಂಖ್ಯೆ, ಮಷಿನ್ ಟೋಟಲ್ ಮೂರನ್ನೂ ಡೈರಿಗೆ ಇಳಿಸುತ್ತೇನೆ. ಟೋಟಲ್ ಬಟನ್ ಗಂಟೆಗೊಮ್ಮೆಯಾದರೂ ನೋಡುವುದು ಇದಕ್ಕೇ; ಆದರೆ ಬಿಜಿ ದೀಪ ಆರಿದ ಹೊತ್ತಿನಲ್ಲಿ ಮಾತ್ರ ಅದು ತೋರುತ್ತದೆ.

49-ಓ ಜೊತೆ 49-ಎಂ ಬೆರೆಸಬಾರದು. ಎಚ್ಚರಿಸಿದ ಮೇಲೂ ಮತದ ಗುಟ್ಟು ಕಾಪಾಡದವರಿಗೆ ಮತ ಹಾಕಲು ಬಿಡದಿರುವುದು 49-ಎಂ. ಅಲ್ಲಿ ಷರಾದ ಕೆಳಗೆ ಬೇಕಾದ್ದು ಪಿಆರ್‌ಓ ಸಹಿ. ಎರಡಕ್ಕೂ ಮತಗಳ ಲೆಕ್ಕದ ನಮೂನೆ 17ಸಿಯಲ್ಲಿ ಬೇರೆ ಬೇರೆ ಸಾಲಿದೆ. 17ಎ ಪ್ರಕಾರ 742 ಜನ, 49-ಓ 3, 49-ಎಂ 1 ಅಂದರೆ ಮಷಿನ್ 738 ತೋರಿಸಬೇಕು. ಮಷಿನ್ ಪರೀಕ್ಷೆಗೆ ಮಾಡುವ ಅಣಕು ಮತದಾನದ ಮತಗಳನ್ನು ಬೆಳಿಗ್ಗೆ ಕ್ಲಿಯರ್ ಮಾಡಲು ಮರೆತಿದ್ದರೆ ಈ ಲೆಕ್ಕ ತಾಳೆಯಾಗುವ ಮಾತೇ ಇಲ್ಲ, ಅದು ಬೇರೆಯೇ ಅನಾಹುತ. ವ್ಯತ್ಯಾಸ ಉಳಿದರೆ ಇದ್ದದ್ದನ್ನು ಇದ್ದಂತೆ ಬರೆಯಬೇಕು. ಸರಿದೂಗಿಸಲು 49-ಓ ಸಾಲಿಗೆ ಒಂದು ಸೇರಿಸುವುದು ಮಹಾ ತಪ್ಪು. 17ಸಿ ಪ್ರತಿ ಏಜೆಂಟರ ಕೈಗೂ ಹೋಗುತ್ತದೆ, ಎಣಿಕೆಯ ದಿನ ಅದೇ ಮೇಜಿಗೆ ಬರುತ್ತದೆ.

ಇನ್ನು ಊರಿಗೆ ಊರೇ ಬಹಿಷ್ಕಾರ ಹಾಕಿದಾಗ. ರಸ್ತೆ, ಕುಡಿಯುವ ನೀರು, ಕಾರಣ ಏನೇ ಇರಲಿ, ಸಮಾಧಾನ ಮಾಡುವುದು ತಹಶೀಲ್ದಾರರ ಕೆಲಸ, ನಮ್ಮದಲ್ಲ. ಬೆಳಿಗ್ಗೆ ಏಜೆಂಟರು ಯಾರೂ ಬರದಿದ್ದರೆ 15 ನಿಮಿಷ ಕಾದು, ಸಿಬ್ಬಂದಿಯೇ ಕೂತು, ನೋಟಾ ಬಟನ್ ಸಹಿತ ಕನಿಷ್ಠ 50 ಮತದ ಅಣಕು ಮತದಾನ ಮುಗಿಸಬೇಕು. ಏಳಕ್ಕೆ ಬಾಗಿಲು ತೆರೆಯಬೇಕು. ಎರಡು ಗಂಟೆಗೊಮ್ಮೆ ಸೊನ್ನೆ ಅಂತಲೇ ವರದಿ ಕೊಡಬೇಕು. ಮನೆಮನೆಗೆ ಹೋಗಿ ಕರೆಯುವುದು ಬೇಡ. ಬರುವವರನ್ನು ಯಾರಾದರೂ ದಾರಿಯಲ್ಲಿ ತಡೆದರೆ ಅದು ಅಪರಾಧ. ಸೆಕ್ಟರ್ ಆಫೀಸರ್‌ಗೂ ಪೊಲೀಸರಿಗೂ ತಕ್ಷಣ ಫೋನ್. ಊಟಕ್ಕೂ ಒಟ್ಟಿಗೆ ಏಳಬಾರದು, ಏಕೆಂದರೆ ಮಾತುಕತೆ ಮುಗಿದು ನಾಲ್ಕೂವರೆಗೆ ಮುನ್ನೂರು ಜನ ಒಮ್ಮೆಗೇ ಬಂದು ನಿಲ್ಲುವುದುಂಟು. ಆರು ಗಂಟೆಗೆ ಸಾಲಿನಲ್ಲಿ ಇರುವವರಿಗೆಲ್ಲ ಸಹಿ ಮಾಡಿದ ಚೀಟಿ ಕೊಡುವಾಗ ಸಾಲಿನ ಬಾಲದಿಂದ ಶುರು ಮಾಡಿ, ಒಂದನೇ ನಂಬರು ಕೊನೆಯಲ್ಲಿ ನಿಂತವರಿಗೆ. ಮುಂದಿನಿಂದ ಕೊಡುತ್ತಾ ಹೋದರೆ ಚೀಟಿ ಹಿಂದಕ್ಕೆ ತಲುಪುವಷ್ಟರಲ್ಲಿ ಬಾಲ ಇನ್ನೂ ಹತ್ತು ಮಾರು ಬೆಳೆದಿರುತ್ತದೆ.