ನಾಕು-ಐದನೇ ಕ್ಲಾಸಿಗೆ ನಕ್ಷೆ, ಪಂಚಾಯ್ತಿ, ಇತಿಹಾಸ: ನಾನು ಮಾಡ್ತಿರೋ ರೀತಿ

ನಂದು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆ, ನಾಕು ಐದು ಎರಡೂ ಕ್ಲಾಸು ಒಂದೇ ಕೋಣೇಲಿ. ನಕ್ಷೆ ಒಂದು ಪಾಠ, ಸರ್ಕಾರ ಇನ್ನೊಂದು, ಕೆಳದಿ ಚೆನ್ನಮ್ಮ ಮತ್ತೊಂದು ಅಂತ ಬಿಡಿಬಿಡಿ ಮಾಡಿದ್ರೆ ಮಕ್ಕಳು ಬಾಯಿಪಾಠ ಒಪ್ಪಿಸಿ ಪರೀಕ್ಷೆ ಮುಗಿದ ದಿನವೇ ಮರೀತಾರೆ, ಹಂಗಾಗಿ ನಾನು ಮೂರನ್ನೂ ಒಂದೇ ನಕ್ಷೆ ಮೇಲೆ ತರ್ತೀನಿ. ಅದೂ ಪುಸ್ತಕದ ನಕ್ಷೆ ಅಲ್ಲ, ಮಕ್ಕಳೇ ಬರೆದಿದ್ದು.

ಶುರು ಶಾಲೆ ಅಂಗಳದಲ್ಲಿ, ರಂಗೋಲಿ ಪುಡೀಲಿ. ಬೆಳಿಗ್ಗೆ ಸೂರ್ಯನ ಕಡೆ ಮುಖ ಮಾಡಿ ನಿಂತು ಎಡಗೈ ಚಾಚಿದ್ರೆ ಉತ್ತರ, ಅದು ಎಲ್ಲರಿಗೂ ಬರ್ತದೆ. ಮೊದಲು ಹಳ್ಳ ಬರೆಸ್ತೀನಿ, ರಸ್ತೆ ಅಲ್ಲ, ಯಾಕಂದ್ರೆ ನಮ್ಮ ಕಡೆ ಮನೆ ತೋಟ ಗದ್ದೆ ಎಲ್ಲಾ ಹಳ್ಳ ಹಿಡಿದೇ ಇರ್ತವೆ. ಆಮೇಲೆ ಅಂಗನವಾಡಿ, ಡೈರಿ, ನ್ಯಾಯಬೆಲೆ ಅಂಗಡಿ, ಚೌಡಿ ದೇವರ ಬನ. ದೂರ ಅಳೆಯೋಕೆ ಹೆಜ್ಜೆ: ನೂರು ಹೆಜ್ಜೆಗೆ ಒಂದು ಗೇಣು ಅಂತ ಗೊತ್ತು ಮಾಡಿದ್ರೆ ಸ್ಕೇಲ್ ಪಾಠ ಅಲ್ಲೇ ಮುಗೀತು.

ಕಷ್ಟ ಬರೋದು ಜಿಲ್ಲೆ ನಕ್ಷೆಗೆ ಹೋದಾಗ. ಮಕ್ಕಳ ತಲೇಲಿ ನಕ್ಷೆಯ ಮೇಲ್ಭಾಗ ಅಂದ್ರೆ ಗುಡ್ಡ, ಕೆಳಭಾಗ ಅಂದ್ರೆ ತಗ್ಗು. ತುಂಗೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಈಶಾನ್ಯಕ್ಕೆ ಹೋಗ್ತಾಳೆ, ಶರಾವತಿ ಅಂಬುತೀರ್ಥದಲ್ಲಿ ಹುಟ್ಟಿ ವಾಯವ್ಯಕ್ಕೆ, ಅಂದ್ರೆ ಎರಡೂ ನದಿ ಹಾಳೆ ಮೇಲೆ ಮೇಲಕ್ಕೇ ಹರೀತವೆ! "ಟೀಚರ್, ನೀರು ಹತ್ತುತ್ತಾ?" ಅಂತ ಕೇಳೇ ಕೇಳ್ತಾರೆ. ಮಾತಲ್ಲಿ ಹೇಳಿದ್ರೆ ಇದು ತಲೆಗೆ ಹೋಗಲ್ಲ. ಒದ್ದೆ ಮಣ್ಣಲ್ಲಿ ಪಶ್ಚಿಮ ಘಟ್ಟ ಮಾಡ್ಸಿ, ಉತ್ತರ ದಿಕ್ಕಿಗೆ ಬಾಣ ಇಟ್ಟು, ಘಟ್ಟದ ಎರಡೂ ಕಡೆ ಚೊಂಬಿಂದ ನೀರು ಬಿಟ್ಟು ತೋರಿಸಬೇಕು. ಒಂದು ಹೊನ್ನಾವರದ ಕಡೆ ಸಮುದ್ರಕ್ಕೆ, ಇನ್ನೊಂದು ಕೂಡ್ಲಿಯಲ್ಲಿ ಭದ್ರೆ ಜೊತೆ ಸೇರಿ ಪೂರ್ವಕ್ಕೆ. ನಕ್ಷೆಯ ಮೇಲೆ-ಕೆಳಗೆ ಬೇರೆ, ನೆಲದ ಎತ್ತರ-ತಗ್ಗು ಬೇರೆ ಅನ್ನೋದು ಆಗ ಕೂರ್ತದೆ.

ಸರ್ಕಾರಕ್ಕೆ ನಮ್ಮೂರ ನಕ್ಷೆಗೇ ವಾಪಸ್ ಬರ್ತೀನಿ. ಬಣ್ಣದ ಚಾಕ್ ಕೊಟ್ಟು, ಯಾವುದನ್ನ ಯಾರು ನೋಡ್ಕೋತಾರೆ, ಬಣ್ಣ ಹಚ್ಚಿ ಅಂತೀನಿ. ಬೀದಿದೀಪ, ಕುಡಿಯೋ ನೀರಿನ ನಲ್ಲಿ ಪಂಚಾಯ್ತಿ, ಕರೆಂಟು ಮೆಸ್ಕಾಂ, ಕಾನು ಅಂದ್ರೆ ಕಾಡು ಅರಣ್ಯ ಇಲಾಖೆ. ಹಳ್ಳದ ಕಾಲುಸಂಕಕ್ಕೆ (ನಡೆದು ದಾಟೋ ಸಣ್ಣ ಸೇತುವೆ) ಬಂದಾಗ ಜಗಳ. ಅಡಿಕೆ ಮರ ಅಡ್ಡ ಹಾಕಿ ಊರವರೇ ಕಟ್ಟಿದ್ದು, ಮಳೆಗಾಲದಲ್ಲಿ ನಮ್ಮ ಮೂರ್ನಾಲ್ಕು ಮಕ್ಕಳು ಅದನ್ನ ದಾಟಿಯೇ ಬರಬೇಕು. ಯಾರ ಬಣ್ಣವೂ ಬೀಳದೆ ಬಿಳಿ ಉಳೀತು. ಹಂಗಾರೆ ಯಾರನ್ನ ಕೇಳಬೇಕು ಅನ್ನೋದೇ ಮುಂದಿನ ಪಾಠ. ವಾರ್ಡ್ ಮೆಂಬರ್ ಯಾರು, ಅಧ್ಯಕ್ಷರನ್ನ ಆರಿಸೋದು ಯಾರು (ಮೆಂಬರುಗಳು, ನಾವಲ್ಲ, ಇದು ಎಷ್ಟೋ ದೊಡ್ಡವರಿಗೂ ಗೊತ್ತಿಲ್ಲ), ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಓಟಲ್ಲಿ ಗೆದ್ದು ಬಂದೋರಲ್ಲ ಸರ್ಕಾರಿ ನೌಕರರು, ಮೆಂಬರ್ ಅವಧಿ ಐದು ವರ್ಷ. ಮಕ್ಕಳ ಗ್ರಾಮ ಸಭೆಯಲ್ಲಿ ಐದನೇ ಕ್ಲಾಸಿನ ಹುಡುಗಿ ಎದ್ದು ನಿಂತು ನಕ್ಷೆ ಹಿಡಿದೇ ಅರ್ಜಿ ಓದಿದ್ಲು, ಸಂಕ ಎಲ್ಲಿ, ಶಾಲೆಗೆ ಎಷ್ಟು ಹೆಜ್ಜೆ, ಸುತ್ತು ಹಾಕಿ ಬಂದ್ರೆ ಎಷ್ಟು. ಕ್ರಿಯಾಯೋಜನೆಗೆ ಸೇರಿಸ್ತೀವಿ ಅಂದಿದಾರೆ, ನೋಡಬೇಕು.

ಇತಿಹಾಸಕ್ಕೆ ಮತ್ತೆ ಜಿಲ್ಲೆ ನಕ್ಷೆ. ಕೆಳದಿ ಅರಸರ ರಾಜಧಾನಿ ಒಂದಾದ ಮೇಲೊಂದು ಮೂರು: ಕೆಳದಿ, ಇಕ್ಕೇರಿ, ಬಿದನೂರು ಅಂದ್ರೆ ನಮ್ಮ ತಾಲೂಕಿನ ನಗರ ಅನ್ನೋ ಊರು, ಮೂರಕ್ಕೂ ಹುಣಸೆ ಬೀಜ ಇಡಿಸಿದ್ರೆ ಹೆಚ್ಚುಕಮ್ಮಿ ಒಂದೇ ಗೆರೇಲಿ ದಕ್ಷಿಣಕ್ಕೆ ಇಳಿದಿರೋದು ಕಾಣ್ತದೆ. ರಾಜಧಾನಿ ಯಾಕೆ ಎತ್ತಿಕೊಂಡು ಹೋದ್ರು? ಬಿಜಾಪುರದ ಸೈನ್ಯ ಇಕ್ಕೇರಿ ಮೇಲೆ ಬಿದ್ದಿತ್ತು ಅಂತ ಹೇಳಿ ಸುಮ್ಮನಾದ್ರೆ ಉಳಿದಿದ್ದು ಮಕ್ಕಳೇ ಹೇಳ್ತಾರೆ, ದಟ್ಟ ಕಾಡು, ಘಟ್ಟ ಇಳಿದ್ರೆ ಕುಂದಾಪುರ ಅಂತ.

ಕೆಳದಿಯ ಶಿವಪ್ಪನಾಯಕನ ಶಿಸ್ತು, ಅಂದ್ರೆ ಅವನ ಕಂದಾಯದ ಪದ್ಧತಿ, ನನಗೆ ತುಂಬಾ ಇಷ್ಟದ ಪಾಠ. ಜಮೀನನ್ನ ಮಣ್ಣು, ಬೆಳೆ ನೋಡಿ ದರ್ಜೆ ಮಾಡಿ ಕಂದಾಯ ಹಾಕಿದ ದೊರೆ, ಆಳಿದ್ದು 1645ರಿಂದ 1660. ನಿಮ್ಮ ನಕ್ಷೆಯಲ್ಲಿ ಯಾವ ಗದ್ದೆಗೆ ಎಷ್ಟು ಹಾಕ್ತೀರಿ ಅಂದ್ರೆ ಸಾಕು, "ನಮ್ದು ಮಕ್ಕಿಗದ್ದೆ ಟೀಚರ್, ನೀರು ನಿಲ್ಲಲ್ಲ, ಬೈಲುಗದ್ದೆಯವರಿಗೆ ಜಾಸ್ತಿ ಹಾಕಿ" ಅಂತ ಒಬ್ಬ, ಬೈಲಿನವನು ನೆರೆ ಬಂದ್ರೆ ಏನು ಗತಿ ಅಂತ. ತೆರಿಗೆ ಅಂದ್ರೇನು ಅಂತ ಬೇರೆ ವಿವರಣೆ ಬೇಕಾಗಲಿಲ್ಲ.

ಕೆಳದಿ ಚೆನ್ನಮ್ಮ, ಕಿತ್ತೂರು ಚೆನ್ನಮ್ಮ ಗೊಂದಲ ಪ್ರತಿವರ್ಷ ಇದ್ದದ್ದೇ. ಹಗ್ಗದಲ್ಲಿ ನೂರು ವರ್ಷಕ್ಕೊಂದು ಗಂಟು ಹಾಕಿ ಹೆಸರಿನ ಚೀಟಿ ಕಟ್ಟಿಸ್ತೀನಿ: 12ನೇ ಶತಮಾನಕ್ಕೆ ಉಡುತಡಿಯ ಅಕ್ಕಮಹಾದೇವಿ, 17ಕ್ಕೆ ಶಿವಾಜಿ ಮಗ ರಾಜಾರಾಮನಿಗೆ ಆಸರೆ ಕೊಟ್ಟು ಔರಂಗಜೇಬನ ಸೈನ್ಯ ಎದುರಿಸಿದ ನಮ್ಮ ಚೆನ್ನಮ್ಮ, 1824ಕ್ಕೆ ಬ್ರಿಟಿಷರ ಮೇಲೆ ನಿಂತ ಕಿತ್ತೂರಿನವಳು. ಇಬ್ಬರ ನಡುವೆ ಇರೋ ಹಗ್ಗ ಕೈಯಲ್ಲಿ ಹಿಡಿದ ಮೇಲೆ ಗೊಂದಲ ಕಮ್ಮಿ.

ಕೊನೇ ಗಂಟಲ್ಲಿ 1942ರ ಈಸೂರು, ನಮ್ಮ ಜಿಲ್ಲೆಯದೇ ಊರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅಂತ ಊರಿಗೆ ಊರೇ ಸ್ವತಂತ್ರ ಅಂತ ಸಾರಿ, ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರರ ಹಾಗೆ), ಸಬ್ ಇನ್‌ಸ್ಪೆಕ್ಟರ್ ಮಾಡಿಬಿಟ್ರು. ಮುಂದಿನ ವರ್ಷ ಐದು ಜನಕ್ಕೆ ಗಲ್ಲು ಆಯ್ತು, ಅದನ್ನೂ ಮುಚ್ಚಿಡದೆ ಹೇಳ್ತೀನಿ. ಮಕ್ಕಳಿಗೆ ಹಿಡಿಸೋದು ಅಮಲ್ದಾರ ಹುಡುಗ, "ನಾವ್ಯಾಕೆ ಓಟ್ ಹಾಕಂಗಿಲ್ಲ?" ಅಂತ ಅಲ್ಲಿಂದಲೇ ಶುರು. ಓಟಿನ ವಯಸ್ಸು 21 ಇದ್ದದ್ದು 1989ರಲ್ಲಿ 18 ಆಯ್ತು ಅಂದ್ರೆ, "ಇನ್ನೂ ಇಳೀಬಹುದಾ ಟೀಚರ್?" ಅಂತಾರೆ. ಕಾಯ್ದೆ ಬದಲಾಯಿಸೋದು ಯಾರ ಕೆಲಸ ಅಂತ ಕೇಳಿ ಪಾರ್ಲಿಮೆಂಟ್ ಪಾಠಕ್ಕೆ ಹೋಗ್ತೀನಿ.

ಮಾಡ್ತೀನಿ ಅನ್ನೋರಿಗೆ ಒಂದು ಮಾತು, ಮಳೆ ಹಿಡಿದ್ಮೇಲೆ ಅಂಗಳದ ನಕ್ಷೆ ನಿಲ್ಲಲ್ಲ. ಹಳೇ ಫ್ಲೆಕ್ಸ್ ಬ್ಯಾನರ್ ಸಿಕ್ರೆ ಅದರ ಹಿಂದೆ ಪೇಂಟಲ್ಲಿ ಬರೆಸಿ, ವರ್ಷಪೂರ್ತಿ ಬರ್ತದೆ.